ಮೈಸೂರಿನಿಂದ ಕುಂತಿಬೆಟ್ಟಕ್ಕೆ: ಅಡ್ವೆಂಚರ್ ರೇಸ್‌ಗೆ ನಮ್ಮ ಒಂದು ವಾರದ ತಯಾರಿ, ತಪ್ಪಿದ್ದರೆ ತಿದ್ದಿ

ಸಾವಿರ ಮೆಟ್ಟಿಲು, ಮೈಸೂರು
ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರಹ. ಪುರುಸೊತ್ತು ಮಾಡಿಕೊಂಡು ಓದಿ.

ನಾವು ನಾಲ್ಕು ಜನ. ನಾನು ಔಷಧಿ ಅಂಗಡಿ ನಡೆಸುತ್ತೇನೆ. ಇಬ್ಬರು ಗೆಳೆಯರು ನೌಕರಿಯಲ್ಲಿದ್ದಾರೆ. ಇನ್ನೊಬ್ಬರು ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕ. ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ಓಡುತ್ತಾ ಓಡುತ್ತಾ ಪರಿಚಯವಾದವರು. ಈಗ ಎರಡು ವರ್ಷದಿಂದ ಒಟ್ಟಿಗೆ ತಯಾರಿ ಮಾಡುತ್ತಿದ್ದೇವೆ. ನಮ್ಮ ಗುರಿ 24 ಗಂಟೆಯ ಒಂದು ಅಡ್ವೆಂಚರ್ ರೇಸ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದರಲ್ಲಿ ದಾರಿಗೆ ಬಾಣದ ಗುರುತು ಇರುವುದಿಲ್ಲ. ಕೈಗೆ ನಕ್ಷೆ ಕೊಡುತ್ತಾರೆ. ಅದರಲ್ಲಿ ಚೆಕ್‌ಪಾಯಿಂಟ್‌ಗಳನ್ನು ಗುರುತು ಹಾಕಿರುತ್ತಾರೆ. ಓಡಿಯೋ, ಸೈಕಲ್ ತುಳಿದೋ, ಹುಟ್ಟು ಹಾಕಿಯೋ ಅಲ್ಲಿಗೆ ಮುಟ್ಟಬೇಕು. ಸಾಮಾನ್ಯವಾಗಿ ಜಿಪಿಎಸ್ ನೋಡುವಂತಿಲ್ಲ. ದೊಡ್ಡ ರೇಸ್‌ಗಳಲ್ಲಿ ನಾಲ್ಕು ಜನರ ತಂಡ, ಅದರಲ್ಲಿ ಗಂಡು ಹೆಣ್ಣು ಇಬ್ಬರೂ ಇರಬೇಕು. ಎಲ್ಲರೂ ಜೊತೆಯಲ್ಲೇ ಸಾಗಬೇಕು. ಕೊನೆಯವರು ಬಂದಾಗಲೇ ತಂಡ ಬಂದ ಲೆಕ್ಕ.

ನ್ಯೂಜಿಲೆಂಡ್‌ನಲ್ಲಿ 1983ರಲ್ಲಿ ಕೋಸ್ಟ್ ಟು ಕೋಸ್ಟ್ ಶುರುವಾಯಿತು. ಒಂದು ಸಮುದ್ರ ತೀರದಿಂದ ಇನ್ನೊಂದು ತೀರಕ್ಕೆ ಬೆಟ್ಟ ದಾಟಿ ಹೋಗುವ ರೇಸ್ ಅದು. 1995ರಲ್ಲಿ ಅಮೆರಿಕದ ಯೂಟಾದಲ್ಲಿ ಇಕೋ ಚಾಲೆಂಜ್ ನಡೆಯಿತು, ಟಿವಿಯಿಂದಾಗಿ ಜಗತ್ತಿಗೆಲ್ಲ ಗೊತ್ತಾಯಿತು. 2019ರಲ್ಲಿ ಫಿಜಿಯಲ್ಲಿ ಅದೇ ರೇಸ್ ಮತ್ತೆ ನಡೆದಾಗ 30 ದೇಶದ 66 ತಂಡ ಬಂದಿದ್ದವು. 671 ಕಿ.ಮೀ. ದೂರ, 11 ದಿನದ ಗಡುವು. ನಮ್ಮ ದೇಶದಿಂದ ಡೆಹ್ರಾಡೂನಿನ ಅವಳಿ ಸೋದರಿಯರು ತಾಶಿ ಮತ್ತು ನುಂಗ್ಶಿ ಮಲಿಕ್ ತಂಡ ಕಟ್ಟಿಕೊಂಡು ಹೋಗಿದ್ದರು. ಅದನ್ನು ನೋಡಿದ ಮೇಲೆಯೇ ನಮಗೂ ಆಸೆ ಹುಟ್ಟಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ಮೂರು ವಾರದ ಹಿಂದೆ ನಾವೇ ಒಂದು ಅಭ್ಯಾಸ ಇಟ್ಟುಕೊಂಡೆವು. ಮಧ್ಯಾಹ್ನ ಮೈಸೂರಿನಿಂದ ಸೈಕಲ್‌ನಲ್ಲಿ ಹೊರಟು, ಬಳಸು ದಾರಿ ಹಿಡಿದು, ರಾತ್ರಿ ಪಾಂಡವಪುರದ ಹತ್ತಿರದ ತೊಣ್ಣೂರು ಕೆರೆ ಮುಟ್ಟುವುದು. ಅಲ್ಲಿ ಸೈಕಲ್ ಬಿಟ್ಟು, ಕಂಪಾಸ್ ಹಿಡಿದು ಕುಂತಿಬೆಟ್ಟದ ಕಡೆ ನಡೆಯುವುದು. ಬೆಟ್ಟ ಇರುವುದು ಕೆರೆಯ ದಕ್ಷಿಣಕ್ಕೆ. ರಾತ್ರಿ ಹತ್ತು ಗಂಟೆಗೆ ನಡಿಗೆ ಶುರು ಮಾಡಿದೆವು. ಕಂಪಾಸ್ ನನ್ನ ಕೈಯಲ್ಲಿತ್ತು. ಒಂದೂವರೆ ಗಂಟೆ ನಡೆದ ಮೇಲೆ ಒಂದು ಪಂಪ್‌ಸೆಟ್ ಹತ್ತಿರ ಯಜಮಾನರೊಬ್ಬರು ನೀರು ಕಟ್ಟುತ್ತಿದ್ದರು. ತ್ರೀಫೇಸ್ ಕರೆಂಟು ರಾತ್ರಿಯೇ ಬರುವುದು, ಹಾಗಾಗಿ ಎದ್ದು ಬಂದಿದ್ದರು. "ಮೇಲುಕೋಟೆಗೆ ಹೊಂಟಿದ್ದೀರಾ?" ಅಂತ ಕೇಳಿದರು. ನಾವು ಉತ್ತರಕ್ಕೆ ಹೋಗಿದ್ದೆವು! ಮುಳ್ಳಿನ ಕೆಂಪು ತುದಿ ಉತ್ತರ ತೋರಿಸಬೇಕು. ನಾನು ಬಿಳಿ ತುದಿಯನ್ನು ಹಿಡಿದು ದಾರಿ ತೋರಿಸಿದ್ದೆ. ಸರಿಯಾಗಿ 180 ಡಿಗ್ರಿ ತಿರುಗಿಬಿಟ್ಟಿದ್ದೆ.

ಅವತ್ತಿನಿಂದ ಒಂದೇ ಯೋಚನೆ. ದಣಿದಾಗ ತಲೆ ಓಡುವುದಿಲ್ಲ. ಹಾಗಾದರೆ ದಣಿದಾಗಲೇ ನಕ್ಷೆ ಓದುವ ಅಭ್ಯಾಸ ಮಾಡಬೇಕು, ಅಲ್ವಾ? ಅದಕ್ಕೇ ಈ ವಾರವನ್ನು ಹೀಗೆ ಹಾಕಿಕೊಂಡಿದ್ದೇನೆ. ಇವತ್ತು ಕೆರೆ ಸುತ್ತ ಹಗುರ ಓಟ ಮುಗಿಯಿತು. ನಾಳೆ ಎಂಟು ಕೆ.ಜಿ. ಬ್ಯಾಗು ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಮೂರು ಸಲ ಹತ್ತಿ ಇಳಿಯುವುದು, ಮುಗಿದ ಕೂಡಲೇ ನಕ್ಷೆ ಅಭ್ಯಾಸ. ಬುಧವಾರ ಸರಸ್ವತಿಪುರಂ ಈಜುಕೊಳ. ಗುರುವಾರ ಶ್ರೀರಂಗಪಟ್ಟಣ, ಕರಿಘಟ್ಟ ಕಡೆ ಸೈಕಲ್, ಮತ್ತೆ ನಕ್ಷೆ. ಶುಕ್ರವಾರ ವರುಣಾ ಕೆರೆಯಲ್ಲಿ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ), ಮತ್ತೆ ನಕ್ಷೆ. ಶನಿವಾರ ರಾತ್ರಿ ತೊಣ್ಣೂರು ನಡಿಗೆ ಮತ್ತೊಮ್ಮೆ. ಪ್ರತಿ ದಿನ ಸುಸ್ತಾದ ಮೇಲೆ ನಕ್ಷೆ. ಇದು ಸರಿಯೇ? ಅನುಭವ ಇರುವವರು ಹೇಳಿ.

ಹಳೇ ಸೈಕಲ್, ಮಂಡ್ಯ

ಗುರುಗಳೇ, ವಾರದ ಪಟ್ಟಿ ಬಗ್ಗೆ ಬೇರೆಯವರು ಹೇಳಲಿ. ನಾನು ರಸ್ತೆ ಬಗ್ಗೆ ಮಾತ್ರ ಹೇಳುತ್ತೇನೆ.

ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ದಾರಿಗೆ ಸೈಕಲ್ ಹತ್ತಿಸಬೇಡಿ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆಗೆ ಸೈಕಲ್ಲಿಗೂ ಅಲ್ಲಿ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಿ. ಅಲ್ಲಿ ಎದುರು ದಿಕ್ಕಿನಿಂದ ಬರುವವರು ಜಾಸ್ತಿ, ಹುಷಾರು.

ಇನ್ನೊಂದು ವಿಷಯ. ಈಗ ಒಕ್ಕಣೆ ಕಾಲ. ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಗಾಡಿಗಳು ಓಡಾಡಿ ಕಾಳು ಉದುರಲಿ ಅಂತ. ಮೇಲಿನಿಂದ ನೋಡಿದರೆ ಮೆತ್ತಗೆ ಕಾಣುತ್ತದೆ. ಆದರೆ ಹುರುಳಿ ಕಾಳು ಟೈರ್ ಕೆಳಗೆ ಗೋಲಿ ಥರ ಉರುಳುತ್ತದೆ. ಹೋದ ವರ್ಷ ನಾನು ತಿರುವಿನಲ್ಲಿ ಬ್ರೇಕ್ ಹಿಡಿದು ಬಿದ್ದು ಮೊಣಕೈ ಕಿತ್ತುಕೊಂಡೆ. ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೇರ ಹೋಗಿ. ಆಗದಿದ್ದರೆ ಇಳಿದು ತಳ್ಳಿ. ಅವರ ಒಂದು ವರ್ಷದ ಬೆಳೆ ಅದು, ಅದರ ಮೇಲೆ ಜೋರಾಗಿ ನುಗ್ಗುವುದೂ ಸರಿಯಲ್ಲ.

ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಹಿಂದೆ ದೀಪ ಇರುವುದು ಕಡಿಮೆ. ಟ್ರೈಲರ್‌ನಿಂದ ಕಬ್ಬು ಎರಡೂ ಕಡೆ ಹೊರಗೆ ಚಾಚಿರುತ್ತದೆ. ಮುಸ್ಸಂಜೆ ಆದ ಮೇಲೆ ಅದರ ಹಿಂದೆ ಅಂಟಿಕೊಂಡು ಹೋಗಬೇಡಿ. ರಾತ್ರಿ ಸೈಕಲ್ ಬೇಡ ಅಂತಲೇ ನನ್ನ ಅಭಿಪ್ರಾಯ.

ಮಂಡಿ ಚಿಪ್ಪು, ಮೈಸೂರು

ನಾನು ಫಿಸಿಯೋಥೆರಪಿಸ್ಟ್. ಓಟಗಾರರ ಮಂಡಿ, ಮೀನಖಂಡ ನೋಡುವುದೇ ನನ್ನ ದಿನದ ಕೆಲಸ. ಸರ್, ನಿಮ್ಮ ಶ್ರದ್ಧೆ ತುಂಬ ಇಷ್ಟವಾಯಿತು. ಆದರೆ ನೀವು ಹಿಡಿದ ಎಳೆ ತಪ್ಪು ಅನಿಸುತ್ತದೆ.

ಮೊದಲು ಮೆಟ್ಟಿಲು. ಬೆಟ್ಟ ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ, ಇಳಿಯುವಾಗ ಆರಾಮ ಅನಿಸುತ್ತದೆ. ಪೆಟ್ಟು ಬೀಳುವುದು ಇಳಿಯುವಾಗಲೇ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಅಭ್ಯಾಸ ಇಲ್ಲದಿದ್ದರೆ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಆ ನೋವು ಅವತ್ತೇ ಗೊತ್ತಾಗುವುದಿಲ್ಲ. ಒಂದರಿಂದ ಮೂರು ದಿನದ ಒಳಗೆ ಜೋರಾಗುತ್ತದೆ. ಮಂಗಳವಾರ ಮೂರು ಸಲ, ಅದೂ ಭಾರ ಹೊತ್ತು ಇಳಿದರೆ ಗುರುವಾರ ಸೈಕಲ್ ತುಳಿಯುವುದು ಹೇಗೆ? ಭಾರ ಹೊತ್ತು ಹತ್ತಿ, ಮೇಲಿನಿಂದ ಬಸ್ಸಿನಲ್ಲಿ ಬ್ಯಾಗು ಕಳಿಸಿ ಅಥವಾ ನೀವೇ ಬಸ್ಸಿನಲ್ಲಿ ಬನ್ನಿ. ಒಂದು ಸಲ ಮಾತ್ರ ಬ್ಯಾಗಿಲ್ಲದೆ ಇಳಿಯಿರಿ. ವಾರ ಕಳೆದಂತೆ ಹೆಚ್ಚಿಸಿ. ಒಮ್ಮೆ ಆ ಇಳಿತಕ್ಕೆ ಕಾಲು ಒಗ್ಗಿದರೆ ಮುಂದಿನ ಸಲ ನೋವು ತುಂಬ ಕಡಿಮೆ ಇರುತ್ತದೆ.

ಎರಡನೆಯದು. ವಾರದ ಎಲ್ಲ ದಿನವನ್ನೂ ನೀವು ಕಷ್ಟದ ದಿನ ಮಾಡಿದ್ದೀರಿ. ದೀರ್ಘ ಓಟದ ದೊಡ್ಡ ದೊಡ್ಡ ಆಟಗಾರರ ತರಬೇತಿಯನ್ನು ಅಳೆದು ನೋಡಿದವರು ಕಂಡದ್ದೇನು ಗೊತ್ತಾ? ಅವರ ತರಬೇತಿಯ ಸುಮಾರು ನೂರಕ್ಕೆ 80 ಭಾಗ ಹಗುರವಾಗಿರುತ್ತದೆ. ಹಗುರ ಅಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಿಕೊಂಡು ಓಡುವಷ್ಟು. ಮಾತು ತುಂಡಾದರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ. ವಾಚು ಬೇಕಿಲ್ಲ.

ಮೂರನೆಯದು ಮುಖ್ಯ. ನೀವು ಕಂಪಾಸ್ ತಪ್ಪಿದ್ದು ದಣಿವಿನಿಂದ ಅಂತ ತಿಳಿದಿದ್ದೀರಿ. ಒಂದು ಪ್ರಶ್ನೆ ಕೇಳುತ್ತೇನೆ. ದಣಿವಿಲ್ಲದ ದಿನ ನೀವು ಎಷ್ಟು ಸಲ ಕಂಪಾಸ್ ಹಿಡಿದಿದ್ದೀರಿ? ಹತ್ತು ಸಲ? ಕೈಗೆ ಹತ್ತದ ಕೆಲಸವನ್ನು ಸುಸ್ತಾದಾಗ ಮಾಡಿದರೆ ತಪ್ಪನ್ನೇ ಅಭ್ಯಾಸ ಮಾಡಿದಂತೆ ಆಗುತ್ತದೆ. ತಿಳಿಯಾಗಿದ್ದಾಗ ಕಲಿಯಿರಿ, ದಣಿದಾಗ ಪರೀಕ್ಷೆ ಮಾಡಿ. ಆ ಪರೀಕ್ಷೆ ವಾರಕ್ಕೆ ಒಂದೇ ಸಾಕು.

ಸಾವಿರ ಮೆಟ್ಟಿಲು, ಮೈಸೂರು

ಮೇಡಂ, ಮೆಟ್ಟಿಲಿನ ಮಾತು ಒಪ್ಪುತ್ತೇನೆ. ನಾಳೆ ಹಾಗೇ ಮಾಡುತ್ತೇವೆ. ಆದರೆ ಮೂರನೆಯದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಮನೆಯಲ್ಲಿ ಕೂತು ನಕ್ಷೆ ನೋಡಿದರೆ ನನಗೆ ಎಲ್ಲ ಸರಿಯಾಗಿಯೇ ಬರುತ್ತದೆ. ಟೋಪೊಶೀಟ್‌ನಲ್ಲಿ (ಎತ್ತರ ತಗ್ಗು ತೋರಿಸುವ ಸರ್ವೆ ನಕ್ಷೆ) 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ., ಒಂದು ಎತ್ತರದ ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್, ಇದೆಲ್ಲ ಬಾಯಿಪಾಠ. ಕತ್ತಲಲ್ಲಿ, ಹಸಿವಾದಾಗ, ಕೈ ನಡುಗುವಾಗ ಅದೇ ತಲೆಗೆ ಬರಲಿಲ್ಲ. ಅಂದರೆ ದಣಿವೇ ಕಾರಣ ಅಲ್ಲವೇ?

ನಾಲೆ ಏರಿ, ಪಾಂಡವಪುರ ಕಡೆ

ನಿಮ್ಮ ಬರಹ ಓದಿದೆ ಅಣ್ಣ. ನಾನು ಆ ಕಡೆಯ ರೈತ. ನೀವು ಆ ರಾತ್ರಿ ನಡೆದ ದಾರಿ ನನಗೆ ಗೊತ್ತು, ನಿಮ್ಮ ಪುಣ್ಯ ದೊಡ್ಡದು.

ಗದ್ದೆ ಬದು, ಕಬ್ಬಿನ ಸಾಲು, ಇವು ರಾತ್ರಿ ಹಾವಿನ ಜಾಗ. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನಮ್ಮಲ್ಲಿ ಕೊಳಕುಮಂಡಲ ಜಾಸ್ತಿ. ಅದು ಮನುಷ್ಯ ಬಂದ ಅಂತ ಓಡಿಹೋಗುವ ಹಾವಲ್ಲ, ಅಲ್ಲೇ ಸುತ್ತಿಕೊಂಡು ಮಲಗಿರುತ್ತದೆ. ನಾವು ರಾತ್ರಿ ನೀರು ಕಟ್ಟಲು ಹೋಗುವವರು ಗಮ್‌ಬೂಟು, ಟಾರ್ಚು ಇಲ್ಲದೆ ಹೋಗುವುದಿಲ್ಲ. ನೀವು ಓಟದ ಶೂನಲ್ಲಿ ಹೋಗಿದ್ದೀರಿ. ಕಚ್ಚಿದರೆ ಹಗ್ಗ ಬಿಗಿಯುವುದು, ಕುಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಕಾಲು ಅಲ್ಲಾಡಿಸದೆ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಮ್ಮ ಊರಿನಲ್ಲಿ ತಡ ಮಾಡಿ ಜೀವ ಕಳೆದುಕೊಂಡವರನ್ನು ನೋಡಿದ್ದೇನೆ.

ಚಿರತೆಯೂ ಇದೆ. ಈ ಬಂಡೆಗುಡ್ಡ, ಕಬ್ಬು ಎರಡೂ ಅದಕ್ಕೆ ಬೇಕು. ಮೇಲುಕೋಟೆ ಸುತ್ತಿನ ಕಾಡು ವನ್ಯಧಾಮ. ತೋಳಗಳಿಗಾಗಿ 1974ರಲ್ಲಿ ಮಾಡಿದ್ದು. ಇನ್ನೊಂದು ಸ್ವಲ್ಪ ಮುಂದೆ ಹೋಗಿದ್ದರೆ ಅನುಮತಿ ಇಲ್ಲದೆ ಅಲ್ಲಿಗೆ ನುಗ್ಗುತ್ತಿದ್ದಿರಿ.

ನಾಲೆ ವಿಷಯ ಹೇಳಲೇಬೇಕು. ವಿ.ಸಿ. ನಾಲೆ (ವಿಶ್ವೇಶ್ವರಯ್ಯ ನಾಲೆ) ನೋಡಲು ಸಮಾಧಾನವಾಗಿ ಹರಿಯುತ್ತದೆ. ಒಳಗೆ ಸೆಳೆತ ಜೋರು. ಪಕ್ಕದ ಗೋಡೆ ಇಳಿಜಾರು, ಪಾಚಿ ಕಟ್ಟಿರುತ್ತದೆ. ಬಿದ್ದವನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಂದವರೂ ಹೋಗಿದ್ದಾರೆ. ಏರಿ ಮೇಲೆ ಹಗಲು ಓಡಿ, ಯಾರೂ ಬೇಡ ಅನ್ನುವುದಿಲ್ಲ. ರಾತ್ರಿ ಬೇಡ. ನೀರಿಗಿಳಿಯುವುದಂತೂ ಬೇಡವೇ ಬೇಡ.

ಮುಂದಿನ ಸಲ ರಸ್ತೆ, ಬಂಡಿದಾರಿ ಹಿಡಿದೇ ನಡೆಯಿರಿ. ಬೆಳಗಿನ ಜಾವ ಹೊರಡಿ. ಬೇಕಿದ್ದರೆ ನಮ್ಮ ಮನೆ ಜಗುಲಿ ಮೇಲೆ ಮಲಗಿ. ಸೈಕಲ್ ನಮ್ಮ ಕೊಟ್ಟಿಗೆಯಲ್ಲಿ ಇರಲಿ.

ಒಂದು ಮಾತು ನಿಮ್ಮ ನಕ್ಷೆಗೆ ಉಪಯೋಗ ಆಗಬಹುದು. ಪಾಂಡವಪುರಕ್ಕೆ ಬ್ರಿಟಿಷರು ಫ್ರೆಂಚ್ ರಾಕ್ಸ್ ಅಂತ ಕರೆಯುತ್ತಿದ್ದರು, ನಮ್ಮ ಹಿರಿಯರು ಹಿರೋಡೆ ಅನ್ನುತ್ತಿದ್ದರು. ಹಳೇ ನಕ್ಷೆ ಸಿಕ್ಕಿದರೆ ಗಾಬರಿ ಬೀಳಬೇಡಿ.

ನಾಲ್ಕನೆಯವಳು, ಮೈಸೂರು

ನಾನೇ ಆ ಹೊಲಿಗೆ ಅಂಗಡಿಯವಳು. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ತಮ್ಮನಿಗೆ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಬೇರೆ ತಂಡದವರಿಗೂ ಗೊತ್ತಾಗಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ತಮ್ಮ, ಆ ರಾತ್ರಿ ದಾರಿ ತಪ್ಪಿದ್ದು ನನಗೆ ಗೊತ್ತಿತ್ತು.

ಅವತ್ತು ಅಷ್ಟಮಿ. ಅರ್ಧ ಚಂದ್ರ ಪಡುವಣಕ್ಕೆ ಇಳಿಯುತ್ತಿತ್ತು. ದಕ್ಷಿಣಕ್ಕೆ ಹೋಗುವವರಿಗೆ ಪಡುವಣ ಬಲಗಡೆ ಇರಬೇಕು. ಚಂದ್ರ ನಮ್ಮ ಎಡಗಡೆ ಇತ್ತು. ಹೊರಟ ಹತ್ತು ನಿಮಿಷಕ್ಕೇ ನೋಡಿದೆ. ದಾರಿ ಎಲ್ಲೋ ತಿರುಗುತ್ತದೇನೋ ಅಂದುಕೊಂಡೆ. ಅರ್ಧ ಗಂಟೆ ಆದರೂ ಎಡಗಡೆಯೇ ಇತ್ತು. ಆಮೇಲೆ ದೂರದಲ್ಲಿ ಬೆಟ್ಟದ ದೀಪ ಕಂಡಿತು. ಅದು ಮೇಲುಕೋಟೆ ಅಂತಲೂ ಅನಿಸಿತು. ಆದರೂ ಬಾಯಿ ಬಿಡಲಿಲ್ಲ.

ಯಾಕೆ ಅಂದರೆ ನಾನು ಆಗ ಹಗ್ಗದಲ್ಲಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಈ ರೇಸ್‌ಗಳಲ್ಲಿ ನಿಧಾನ ಇರುವವರನ್ನು ಮುಂದಿನವರು ಎಲಾಸ್ಟಿಕ್ ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಅದು ನಿಯಮಕ್ಕೆ ವಿರುದ್ಧ ಅಲ್ಲ, ಎಲ್ಲ ತಂಡಗಳೂ ಮಾಡುವುದೇ. ಸೈಕಲ್ ತುಳಿದು ನನ್ನ ಕಾಲು ಸೋತಿತ್ತು. ನನ್ನ ಬ್ಯಾಗನ್ನೂ ನೀವೇ ಹೊತ್ತಿದ್ದಿರಿ. ನನ್ನಿಂದಲೇ ಎಲ್ಲರಿಗೂ ತಡವಾಗುತ್ತಿದೆ, ಈಗ ನಿಲ್ಲಿಸಿ "ದಾರಿ ತಪ್ಪು" ಅಂದು, ನನ್ನ ಲೆಕ್ಕವೇ ತಪ್ಪಾಗಿದ್ದರೆ? ಆ ಸಂಕೋಚಕ್ಕೆ ಸುಮ್ಮನಾದೆ. ನನ್ನ ಸಂಕೋಚಕ್ಕೆ ನಾಲ್ಕು ಜನ ಹಾವಿನ ಗದ್ದೆಯಲ್ಲಿ ಒಂದೂವರೆ ಗಂಟೆ ನಡೆದೆವು. ಮೇಲಿನ ರೈತಣ್ಣನ ಮಾತು ಓದಿದ ಮೇಲೆ ನಿದ್ದೆ ಬರಲಿಲ್ಲ.

ನನಗೆ ನಕ್ಷೆ ಕಷ್ಟ ಅಲ್ಲ. ಇಪ್ಪತ್ತು ವರ್ಷದಿಂದ ಕಾಗದದ ಮೇಲೆ ಗೆರೆ ಎಳೆದು ಬಟ್ಟೆ ಕತ್ತರಿಸುತ್ತಿದ್ದೇನೆ. ಕಾಗದದಲ್ಲಿ ಎಡ ಇದ್ದದ್ದು ಬಟ್ಟೆ ತಿರುಗಿಸಿದಾಗ ಬಲ ಆಗುತ್ತದೆ ಅನ್ನುವುದು ನನ್ನ ಕೈಗೆ ಗೊತ್ತು. ನಕ್ಷೆ ನನ್ನ ಕೈಗೆ ಕೊಡಿ ಅಂತ ಒಂದು ಸಲವೂ ನಾನು ಕೇಳಲಿಲ್ಲ. ನೀವೂ ಕೊಡಲಿಲ್ಲ.

ಸಾವಿರ ಮೆಟ್ಟಿಲು, ಮೈಸೂರು

ಅಕ್ಕ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕ್ಷಮಿಸಿ.

ಹಗ್ಗ ಕಟ್ಟಿದ ಮೇಲೆ ನಾನು ಒಂದು ಸಲವೂ ಹಿಂದೆ ತಿರುಗಿ ನಿಮ್ಮ ಜೊತೆ ಮಾತಾಡಲಿಲ್ಲ. ಹಗ್ಗ ಬಿಗಿಯಾಗಿದೆಯೇ ಅಂತ ಮಾತ್ರ ನೋಡಿದೆ. ದಣಿವು ದಣಿವು ಅಂತ ಇಷ್ಟು ದಿನ ಹೇಳಿದ್ದು ತಪ್ಪು. ದಾರಿ ಗೊತ್ತಿದ್ದವರು ತಂಡದಲ್ಲೇ ಇದ್ದರು. ಅವರನ್ನು ಕೇಳುವ ಅಭ್ಯಾಸ ನಮಗಿರಲಿಲ್ಲ.

ಮುಂದಿನ ಸಲ ನಕ್ಷೆ ನಿಮ್ಮ ಕೈಯಲ್ಲಿ. ಕಂಪಾಸ್ ಮಾತ್ರ ನನಗಿರಲಿ, ಕಲಿಯುತ್ತೇನೆ.

ಗಂಗೋತ್ರಿ ಹಾಸ್ಟೆಲ್

ನಾನು ಎಂ.ಎಸ್ಸಿ. ಓದುತ್ತಿದ್ದೇನೆ ಸರ್. ಓಡುತ್ತೇನೆ, ಹಳೇ ಗಿಯರ್ ಸೈಕಲ್ ಇದೆ. ಈ ಜೆಲ್, ಎನರ್ಜಿ ಬಾರ್ ಎಲ್ಲ ತುಂಬ ದುಬಾರಿ. ಅದಿಲ್ಲದೆ ನಡೆಯುತ್ತದಾ? ಎಷ್ಟು ಹೊತ್ತಿಗೊಮ್ಮೆ ತಿನ್ನಬೇಕು?

ಸಾವಿರ ಮೆಟ್ಟಿಲು, ಮೈಸೂರು

ಖಂಡಿತ ನಡೆಯುತ್ತದೆ ತಮ್ಮ. ಇದು ನನ್ನ ಅಂಗಡಿಯ ವಿಷಯವೂ ಹೌದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗಂಟೆಗಟ್ಟಲೆ ದುಡಿಯುವ ಮೈಗೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಪಿಷ್ಟ ಬೇಕು. ಜೆಲ್‌ನಲ್ಲಿ ಇರುವುದೂ ಅದೇ. ನಾವು ಮಂಡ್ಯದ ಪಕ್ಕ, ಬೆಲ್ಲದ ನಾಡಿನಲ್ಲಿದ್ದೇವೆ! ಸಣ್ಣ ಸಣ್ಣ ಅಚ್ಚು ಬೆಲ್ಲ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಜೇಬಿನಲ್ಲಿ ಇಡು. ಜೊತೆಗೆ ಹುರಿಗಡಲೆ, ಬಾಳೆಹಣ್ಣು. ನಾಲ್ಕೈದು ಗಂಟೆ ದಾಟಿದರೆ ಸಿಹಿ ವಾಕರಿಕೆ ಬರುತ್ತದೆ. ಆಗ ಉಪ್ಪು ಹಾಕಿದ ಇಡ್ಲಿ, ಚಿತ್ರಾನ್ನ ಉಂಡೆ ಕಟ್ಟಿಕೊಂಡು ಹೋದರೆ ಒಳ್ಳೆಯದು. ಹಸಿವಾಗುವ ತನಕ ಕಾಯಬೇಡ. ನಾವು ಅರ್ಧ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕುತ್ತೇವೆ. ರಾಗಿ ಮುದ್ದೆ ಹಿಂದಿನ ರಾತ್ರಿಗೆ ಬಹಳ ಒಳ್ಳೆಯದು. ಓಡುವ ಮುಂಚೆ ಬೇಡ, ಹೊಟ್ಟೆಯಲ್ಲಿ ತುಂಬ ಹೊತ್ತು ಕೂರುತ್ತದೆ.

ನೀರು ಜಾಸ್ತಿ ಕುಡಿದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತು, ವಾಂತಿ, ಗಲಿಬಿಲಿ ಶುರುವಾಗುತ್ತದೆ. ಪ್ರಾಣಕ್ಕೂ ಕುತ್ತು. ಬಾಯಾರಿಕೆ ಆದಾಗ ಕುಡಿ. ಉಪ್ಪು ಹಾಕಿದ ಮಜ್ಜಿಗೆ ಚೆನ್ನಾಗಿ ಹಿಡಿಸುತ್ತದೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚದ ಅಳತೆ. ಉಪ್ಪು ಅದಕ್ಕಿಂತ ಜಾಸ್ತಿ ಹಾಕಬೇಡ.

ಹರಿಗೋಲು, ತಿ. ನರಸೀಪುರ ಕಡೆ

ನೀರಿನ ಬಗ್ಗೆ ಎರಡು ಮಾತು. ಕೆಲವು ಹುಡುಗರು ಶ್ರೀರಂಗಪಟ್ಟಣದ ಹತ್ತಿರ ಹೊಳೆಯಲ್ಲಿ ಈಜು ಅಭ್ಯಾಸ ಮಾಡುವುದನ್ನು ನೋಡಿದ್ದೇನೆ. ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳನ್ನು ಎಲ್ಲರೂ ನೋಡಿದ್ದಾರೆ. ಅವುಗಳಿಗೆ ಪಕ್ಷಿಧಾಮದ ಗಡಿ ಗೊತ್ತಿಲ್ಲ. ಮೊಸಳೆ ಇಲ್ಲದ ಕಡೆ ಬಂಡೆ ಸಂದಿನ ಸುಳಿ ಇದೆ. ಈಜು ಕೊಳದಲ್ಲೇ ಕಲಿಯಿರಿ.

ಹುಟ್ಟು ಹಾಕುವುದು ತೋಳಿನ ಕೆಲಸ ಅಂತ ಹೊಸಬರು ತಿಳಿಯುತ್ತಾರೆ. ಅರ್ಧ ಗಂಟೆಗೇ ಭುಜ ಬಿದ್ದುಹೋಗುತ್ತದೆ. ಸೊಂಟದಿಂದ ತಿರುಗಬೇಕು, ಕಾಲು ಒತ್ತಬೇಕು. ತೋಳು ಬರೀ ಕೊಂಡಿ. ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿ. ಜಾಕೆಟ್‌ನ ಭುಜ ಹಿಡಿದು ಮೇಲಕ್ಕೆ ಎಳೆದರೆ ಅದು ಕಿವಿಗೆ ಬರಬಾರದು. ಮೊದಲ ದಿನವೇ ದೋಣಿ ಮಗುಚಿ, ಮತ್ತೆ ಹತ್ತುವುದನ್ನು ದಡದ ಹತ್ತಿರ ಕಲಿಯಿರಿ. ಎಲ್ಲರೂ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ.

ಇಲಿಜ್ವರದ ಬಗ್ಗೆಯೂ ತಿಳಿದಿರಲಿ. 2000ರಲ್ಲಿ ಮಲೇಷ್ಯಾದ ಸಬಾದಲ್ಲಿ ನಡೆದ ಇಕೋ ಚಾಲೆಂಜ್ ಮುಗಿಸಿ ಹೋದ ಎಷ್ಟೋ ಜನರಿಗೆ ಈ ಜ್ವರ ಬಂತು. ಸೆಗಾಮ ನದಿಯಲ್ಲಿ ಈಜಿದ್ದಕ್ಕೂ ಜ್ವರಕ್ಕೂ ನಂಟು ಇದೆ ಅಂತ ತನಿಖೆಯಲ್ಲಿ ಕಂಡಿತು. ಇಲಿಯ ಮೂತ್ರ ಬೆರೆತ ನೀರು ಗಾಯದಿಂದ, ಕಣ್ಣು ಬಾಯಿಂದ ಒಳಗೆ ಹೋಗುತ್ತದೆ. ನಮ್ಮ ಗದ್ದೆ ನೀರಿನಲ್ಲೂ ಇದೇ ಭಯ. ಕಾಲಿನ ಬೊಬ್ಬೆ ಒಡೆದಿದ್ದರೆ ಟೇಪ್ ಹಾಕದೆ ಕೆಸರಿಗೆ ಇಳಿಯಬೇಡಿ. ಎರಡು ವಾರದ ಒಳಗೆ ಜ್ವರ, ಮೀನಖಂಡದ ನೋವು ಬಂದರೆ ಡಾಕ್ಟರಿಗೆ "ಕೆರೆ ನೀರಿಗೆ ಇಳಿದಿದ್ದೆ" ಅಂತ ನೀವಾಗಿಯೇ ಹೇಳಿ.

ಮಂಡಿ ಚಿಪ್ಪು, ಮೈಸೂರು

ಅಕ್ಕ ಬರೆದದ್ದು ಓದಿದ ಮೇಲೆ ನನ್ನ ಸಲಹೆಗೆ ಒಂದು ಸೇರಿಸಬೇಕು ಅನಿಸಿತು. ಗುರುವಾರ ನಾಲ್ವರೂ ಬೆಳಗ್ಗೆಯೇ, ಸೈಕಲ್ ಹತ್ತುವ ಮುಂಚೆ, ಕರಿಘಟ್ಟದ ಬುಡದಲ್ಲಿ ನಿಂತು ಬೇರೆ ಬೇರೆಯಾಗಿ ಕಂಪಾಸ್‌ನಲ್ಲಿ ಒಂದೇ ಗುರುತಿನ ದಿಕ್ಕು ಅಳೆಯಿರಿ. ಒಬ್ಬರದ್ದು ಇನ್ನೊಬ್ಬರಿಗೆ ಕಾಣಬಾರದು. ಬರೆದು ಆಮೇಲೆ ಹೋಲಿಸಿ. ಒಬ್ಬರದ್ದು ಬೇರೆ ಬಂದರೆ ಅವರದ್ದು ತಪ್ಪು ಅಂತ ಶುರು ಮಾಡಬೇಡಿ, ಎಲ್ಲರೂ ಮತ್ತೆ ಅಳೆಯಿರಿ.

ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇವತ್ತಿಗೂ ಉಪಯೋಗ. ಗಂಟೆಗೆ 5 ಕಿ.ಮೀ. ನಡಿಗೆ, ಮೇಲೆ ಹತ್ತುವ ಪ್ರತಿ 100 ಮೀಟರ್‌ಗೆ 10 ನಿಮಿಷ ಸೇರಿಸಿ. ಬರಬೇಕಾದ ಸಮಯಕ್ಕೆ ಬರಬೇಕಾದ ಜಾಗ ಬರದಿದ್ದರೆ ನಿಂತುಬಿಡಿ. ಕಂಪಾಸ್ ನೋಡುವುದರಲ್ಲಿ ತಪ್ಪಿದರೂ ಗಡಿಯಾರ ನಿಜ ಹೇಳುತ್ತದೆ.

ನಾಲ್ಕನೆಯವಳು, ಮೈಸೂರು

ಗುರುವಾರ ಹಾಗೇ ಮಾಡಿದೆವು ಮೇಡಂ. ಮೊದಲ ಸಲ ನಾಲ್ಕು ಜನರದ್ದು ನಾಲ್ಕು ಥರ ಬಂತು. ಒಬ್ಬರು ಸೈಕಲ್ ಹ್ಯಾಂಡಲ್ ಪಕ್ಕ ಹಿಡಿದಿದ್ದರು, ಕಬ್ಬಿಣಕ್ಕೆ ಮುಳ್ಳು ವಾಲಿತ್ತು. ಒಬ್ಬರ ಜೇಬಿನಲ್ಲಿ ಫೋನು. ಎಲ್ಲ ದೂರ ಇಟ್ಟು ಇಪ್ಪತ್ತು ಸಲ ಮಾಡಿದೆವು. ಕೊನೆ ಕೊನೆಗೆ ಒಂದೆರಡು ಡಿಗ್ರಿ ವ್ಯತ್ಯಾಸ ಬಿಟ್ಟರೆ ಒಂದೇ ಬಂತು. ಸೈಕಲ್ ಆಮೇಲೆ, ಹಗುರವಾಗಿ, ಮಾತಾಡಿಕೊಂಡು.

ರಾತ್ರಿ ಧ್ರುವ ನಕ್ಷತ್ರ ನೋಡಿ ಅಂತ ಹಲವರು ಹೇಳುತ್ತಾರೆ. ನಮ್ಮ ಕಡೆ ಅದು ದಿಗಂತದಿಂದ 12 ಡಿಗ್ರಿಯಷ್ಟು ಮಾತ್ರ ಮೇಲೆ. ಒಂದು ತೆಂಗಿನ ತೋಟ ಅಡ್ಡ ಬಂದರೆ ಕಾಣುವುದಿಲ್ಲ. ಈ ತಿಂಗಳು ಬೆಳಗಿನ ಜಾವ ಸಾಲಾಗಿರುವ ಮೂರು ನಕ್ಷತ್ರ ಪಡುವಣಕ್ಕೆ ಇಳಿಯುತ್ತವೆ. ನನಗೆ ಅದೇ ಸುಲಭ.

ಸಾವಿರ ಮೆಟ್ಟಿಲು, ಮೈಸೂರು
ಭಾನುವಾರ ರಾತ್ರಿ

ಎಲ್ಲರಿಗೂ ವರದಿ ಕೊಡಬೇಕು.

ಮಂಗಳವಾರ ಬ್ಯಾಗು ಹೊತ್ತು ಎರಡು ಸಲ ಹತ್ತಿದೆವು, ಒಂದೇ ಸಲ ಇಳಿದೆವು. ಶುಕ್ರವಾರ ಕಯಾಕ್‌ಗೂ ಹೋಗದೆ ಪೂರ್ತಿ ವಿಶ್ರಾಂತಿ. ಶನಿವಾರ ಮಧ್ಯಾಹ್ನ ಸೈಕಲ್ ಹತ್ತಿ ಬಿಸಿಲು ಇಳಿಯುವ ಮುಂಚೆಯೇ ನಾಲೆ ಏರಿ ಅಣ್ಣನ ಮನೆ ಸೇರಿದೆವು. ಅವರ ತಾಯಿ ಮುದ್ದೆ, ಬಸ್ಸಾರು ಮಾಡಿ ಕಾದಿದ್ದರು. ಬೇಡ ಅಂದರೂ ಎರಡನೇ ಮುದ್ದೆ ತಟ್ಟೆಗೆ ಬಿತ್ತು.

ಬೆಳಗ್ಗೆ ನಾಲ್ಕೂವರೆಗೆ ಹೊರಟೆವು. ಚಂದ್ರ ಇರಲಿಲ್ಲ. ಮೈಯೆಲ್ಲ ಹಿಂದಿನ ದಿನದ ನೋವು. ನಕ್ಷೆ ಅಕ್ಕನ ಕೈಯಲ್ಲಿ, ಕಂಪಾಸ್ ನನ್ನ ಕೈಯಲ್ಲಿ. ಹಗ್ಗವನ್ನೂ ಕಟ್ಟಿದ್ದೆವು. ಆದರೆ ಹತ್ತು ನಿಮಿಷಕ್ಕೊಮ್ಮೆ ಮುಂದಿನವರು ನಿಂತು ಹಿಂದಿನವರನ್ನು "ಎಲ್ಲಿದ್ದೇವೆ?" ಅಂತ ಕೇಳಬೇಕು ಅನ್ನುವ ನಿಯಮ ಮಾಡಿಕೊಂಡಿದ್ದೆವು.

ಒಂದು ಕವಲಿನಲ್ಲಿ ನಾನು ಎಡಕ್ಕೆ ಅಂದೆ. ಅಕ್ಕ "ನಿಲ್ಲಿ" ಅಂದರು. ಬೆಲ್ಲ ಬಾಯಿಗೆ ಹಾಕಿಕೊಂಡು ನಾಲ್ವರೂ ಬೇರೆ ಬೇರೆ ಅಳೆದೆವು. ಇಬ್ಬರದ್ದು ಎಡ, ಇಬ್ಬರದ್ದು ಬಲ. ಮತ್ತೆ ಅಳೆದೆವು. ಈ ಸಲ ಅಕ್ಕನೇ ತಪ್ಪಿದ್ದರು, ಅವರು ನಕ್ಷೆಯಲ್ಲಿ ಒಂದು ಹಿಂದಿನ ಕವಲನ್ನು ನೋಡುತ್ತಿದ್ದರು. ಅವರೇ ಕಂಡುಹಿಡಿದು ಹೇಳಿದರು. ಆರು ನಿಮಿಷ ಹೋಯಿತು. ಎಡಕ್ಕೆ ಹೋದೆವು.

ಬಂಡೆಯ ನೆತ್ತಿ ಮೇಲೆ ಕೂತಾಗ ಸೂರ್ಯ ಆಗಷ್ಟೇ ಹುಟ್ಟುತ್ತಿತ್ತು. ಕೆಳಗೆ ಗದ್ದೆ, ಕಬ್ಬು, ನಡುನಡುವೆ ನೀರು ಮಿನುಗುತ್ತಿತ್ತು. ಉತ್ತರಕ್ಕೆ ಮೇಲುಕೋಟೆ ಬೆಟ್ಟ. ಅಲ್ಲಿಂದ ನೋಡಿದಾಗ ಮೂರು ವಾರದ ಹಿಂದೆ ನಾವು ಎಷ್ಟು ದೂರ ಹೋಗಿದ್ದೆವು ಅಂತ ಗೊತ್ತಾಯಿತು.

ನಾಲೆ ಏರಿ, ಪಾಂಡವಪುರ ಕಡೆ

ಅಣ್ಣ, ನಿಮ್ಮ ಒಂದು ನೀರಿನ ಬಾಟಲು, ಅಕ್ಕನ ಪೆನ್ಸಿಲ್ಲು ನಮ್ಮ ಜಗುಲಿ ಮೇಲೆ ಉಳಿದಿವೆ. ಎತ್ತಿಟ್ಟಿದ್ದೇನೆ. ಅವ್ವ ಕೇಳುತ್ತಿದ್ದಾರೆ, ಮುಂದಿನ ಸಲ ಎಷ್ಟು ಜನ ಬರುತ್ತೀರಿ ಅಂತ. ಹಾಸ್ಟೆಲ್ ಹುಡುಗನನ್ನೂ ಕರೆದುಕೊಂಡು ಬನ್ನಿ.

ಗಂಗೋತ್ರಿ ಹಾಸ್ಟೆಲ್

ಬರುತ್ತೇನೆ ಅಣ್ಣ. ಕಂಪಾಸ್ ಇವತ್ತೇ ತಂದೆ. ಕೆಂಪು ತುದಿಗೆ ಅಮ್ಮನ ಉಗುರು ಬಣ್ಣದಲ್ಲಿ ಇನ್ನೊಂದು ಚುಕ್ಕೆ ಇಟ್ಟಿದ್ದೇನೆ.